ರೀಚ್ ಏಕಾಏಕಿ ಬಿದ್ದಿದೆಯೇ? ಶ್ಯಾಡೋಬ್ಯಾನ್ ಪತ್ತೆ ಹಚ್ಚಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಮೊನ್ನೆಯವರೆಗೂ ಸಾವಿರಗಟ್ಟಲೆ ವ್ಯೂಸ್ ಬರುತ್ತಿದ್ದ ಪೇಜ್‌ನಲ್ಲಿ ಇವತ್ತು ಹಾಕಿದ ರೀಲ್ ಇನ್ನೂರು ದಾಟುತ್ತಿಲ್ಲ. ಲಾಗಿನ್ ಆಗುತ್ತಿದೆ, ಪೋಸ್ಟ್ ಹೋಗುತ್ತಿದೆ, ಎಚ್ಚರಿಕೆ ಅಂತ ಒಂದು ನೋಟಿಫಿಕೇಶನ್ ಕೂಡ ಬಂದಿಲ್ಲ. ಹೀಗಾದಾಗ ಎಲ್ಲರೂ ಹೇಳುವುದು ಒಂದೇ ಮಾತು: "ಶ್ಯಾಡೋಬ್ಯಾನ್ ಆಗಿದೆ."

ಆಗಿರಬಹುದು, ಆಗದೆಯೂ ಇರಬಹುದು. ಯಾವುದು ಅಂತ ಗೊತ್ತಾಗುವ ಮೊದಲೇ ಏನೇನೋ ಮಾಡಲು ಹೋಗಿ ಜನ ಅಕೌಂಟನ್ನು ಇನ್ನಷ್ಟು ಕೆಡಿಸಿಕೊಳ್ಳುತ್ತಾರೆ. ಹಳೇ ಪೋಸ್ಟ್‌ಗಳನ್ನು ಸಾಲಾಗಿ ಡಿಲೀಟ್ ಮಾಡುತ್ತಾರೆ. ದುಡ್ಡು ಕೊಟ್ಟು ಲೈಕ್ಸ್ ತರಿಸುತ್ತಾರೆ. "ಅನ್‌ಬ್ಯಾನ್ ಮಾಡಿಸಿಕೊಡ್ತೀವಿ" ಅನ್ನುವವರಿಗೆ ಪಾಸ್‌ವರ್ಡನ್ನೇ ಕೊಟ್ಟುಬಿಡುತ್ತಾರೆ. ಅದಕ್ಕೇ ಇಲ್ಲಿ ಸರಿಪಡಿಸುವುದಕ್ಕಿಂತ ಪತ್ತೆ ಹಚ್ಚುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅಡುಗೆ, ಯಕ್ಷಗಾನ, ಟ್ರೋಲ್, ಸೀರೆ ವ್ಯಾಪಾರ, ಊರ ಸುದ್ದಿ ಅಂತ ಕನ್ನಡದಲ್ಲಿ ಪೇಜ್ ನಡೆಸುವವರಿಗೆ ಉಪಯೋಗವಾಗಲಿ ಅಂತ ಇನ್‌ಸ್ಟಾಗ್ರಾಮನ್ನೇ ಮುಖ್ಯವಾಗಿ ಹಿಡಿದಿದ್ದೇನೆ. ಫೇಸ್‌ಬುಕ್, ಎಕ್ಸ್, ಯೂಟ್ಯೂಬ್ ವಿಷಯ ಆಮೇಲೆ ಬರುತ್ತದೆ.

ಶ್ಯಾಡೋಬ್ಯಾನ್ ಅಂದರೆ ನಿಜವಾಗಿ ಏನು?

ನೀವು ಹಾಕಿದ್ದು ನಿಮಗೆ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ, ಆ ವಿಷಯ ನಿಮಗೆ ಯಾರೂ ಹೇಳುವುದಿಲ್ಲ. ಮೂಲ ಅರ್ಥ ಇಷ್ಟೇ. ಸ್ಪ್ಯಾಮ್ ಹಾಕುವವನಿಗೆ ಸಿಕ್ಕಿಬಿದ್ದೆ ಅಂತ ಗೊತ್ತಾದರೆ ಹೊಸ ಅಕೌಂಟ್ ತೆರೆದು ಮತ್ತೆ ಬರುತ್ತಾನೆ, ಗೊತ್ತಾಗದಿದ್ದರೆ ಸುಮ್ನೆ ಬರೆಯುತ್ತಾ ಕೂರುತ್ತಾನೆ ಅನ್ನುವ ಲೆಕ್ಕಾಚಾರ ಇದರ ಹಿಂದಿತ್ತು. ರೆಡಿಟ್ ಅನ್ನುವ ಚರ್ಚಾ ತಾಣ ಇದನ್ನು ಮಾಮೂಲಿ ಬಳಕೆದಾರರ ಮೇಲೂ ವರ್ಷಗಟ್ಟಲೆ ಬಳಸಿತು. 2015ರಲ್ಲಿ, ಮನುಷ್ಯರ ಅಕೌಂಟ್ ಆದರೆ ತಿಳಿಸಿಯೇ ಸಸ್ಪೆಂಡ್ ಮಾಡುವ ಪದ್ಧತಿ ತಂದಿತು.

ದೊಡ್ಡ ಕಂಪನಿಗಳು ಮಾತ್ರ "ನಾವು ಶ್ಯಾಡೋಬ್ಯಾನ್ ಮಾಡುವುದಿಲ್ಲ" ಅನ್ನುತ್ತಾ ಬಂದಿವೆ. ಟ್ವಿಟರ್ (ಈಗಿನ ಎಕ್ಸ್) 2018ರ ಜುಲೈನಲ್ಲಿ ಹಾಗೇ ಬರೆಯಿತು. ಅದೇ ಬರಹದಲ್ಲಿ, ಟ್ವೀಟ್‌ಗಳನ್ನೂ ಸರ್ಚ್ ಫಲಿತಾಂಶಗಳನ್ನೂ ಮೇಲೆ ಕೆಳಗೆ ಮಾಡುತ್ತೇವೆ ಅಂತಲೂ ಇತ್ತು. ಎಲಾನ್ ಮಸ್ಕ್ ಕಂಪನಿ ಕೊಂಡ ಮೇಲೆ, 2022ರ ಡಿಸೆಂಬರ್‌ನಲ್ಲಿ ಒಳಗಿನ ಕೆಲವು ದಾಖಲೆಗಳು ಹೊರಬಂದವು. ಕೆಲವು ಅಕೌಂಟ್‌ಗಳ ಮೇಲೆ 'ಟ್ರೆಂಡ್ಸ್ ಬ್ಲ್ಯಾಕ್‌ಲಿಸ್ಟ್', 'ಸರ್ಚ್ ಬ್ಲ್ಯಾಕ್‌ಲಿಸ್ಟ್', 'ಡೂ ನಾಟ್ ಆಂಪ್ಲಿಫೈ' ಅನ್ನುವ ಲೇಬಲ್‌ಗಳು ಅದರಲ್ಲಿ ಕಂಡವು. ಕಂಪನಿಯ ಒಳಗೆ ಇದಕ್ಕೆ ಇದ್ದ ಹೆಸರು 'ವಿಸಿಬಿಲಿಟಿ ಫಿಲ್ಟರಿಂಗ್'. ಪೂರ್ತಿ ಮುಚ್ಚಿಡುವುದು ಬೇರೆ, ಹರಡದಂತೆ ತಡೆಯುವುದು ಬೇರೆ. ಕಂಪನಿಗಳು ಇಲ್ಲ ಅನ್ನುವುದು ಮೊದಲನೆಯದಕ್ಕೆ. ನಿಮಗೆ ತಟ್ಟುವುದು ಸಾಮಾನ್ಯವಾಗಿ ಎರಡನೆಯದು.

ಕೆರೆಗೆ ಎರಡು ತೂಬು ಇದ್ದ ಹಾಗೆ ಅಂತ ಇಟ್ಟುಕೊಳ್ಳಿ. ಒಂದು ತೂಬಿನಿಂದ ನಿಮ್ಮ ಪೋಸ್ಟ್ ಫಾಲೋವರ್ಸ್ ಫೀಡ್‌ಗೆ ಹರಿಯುತ್ತದೆ. ಇನ್ನೊಂದರಿಂದ ನಿಮ್ಮನ್ನು ಫಾಲೋ ಮಾಡದವರ ಕಡೆಗೆ, ಅಂದರೆ ಎಕ್ಸ್‌ಪ್ಲೋರ್‌ಗೆ, ರೀಲ್ಸ್ ಟ್ಯಾಬ್‌ಗೆ, 'ಸಜೆಸ್ಟೆಡ್' ಪಟ್ಟಿಗೆ ಹರಿಯುತ್ತದೆ. ಇನ್‌ಸ್ಟಾಗ್ರಾಮ್ ಮುಚ್ಚುವುದು ಹೆಚ್ಚಾಗಿ ಈ ಎರಡನೇ ತೂಬನ್ನು. ಇದಕ್ಕೊಂದು ಪ್ರತ್ಯೇಕ ನಿಯಮಾವಳಿಯೇ ಇದೆ. 'ಕಮ್ಯುನಿಟಿ ಗೈಡ್‌ಲೈನ್ಸ್' ಮೀರಿದರೆ ಪೋಸ್ಟ್ ತೆಗೆದು ಹಾಕುತ್ತಾರೆ. 'ರೆಕಮೆಂಡೇಶನ್ ಗೈಡ್‌ಲೈನ್ಸ್' ಮೀರಿದರೆ ಪೋಸ್ಟ್ ಹಾಗೇ ಇರುತ್ತದೆ, ಆದರೆ ಹೊಸಬರಿಗೆ ತೋರಿಸುವುದಿಲ್ಲ. ಈ ಎರಡನೇ ನಿಯಮಾವಳಿಯನ್ನು ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎರಡನ್ನೂ ನಡೆಸುವ ಮೆಟಾ ಕಂಪನಿ ಬಹಿರಂಗವಾಗಿ ಪ್ರಕಟಿಸಿದ್ದು 2020ರ ಆಗಸ್ಟ್‌ನಲ್ಲಿ. ಪೇಜ್ ನಡೆಸುವ ಎಷ್ಟೋ ಜನರಿಗೆ ಹೀಗೊಂದು ಇದೆ ಅನ್ನುವುದೇ ಗೊತ್ತಿಲ್ಲ. ಇಡೀ ಗೊಂದಲ ಹುಟ್ಟುವುದೇ ಅಲ್ಲಿ.

ಹಂತ 1: ಅಕೌಂಟ್ ಸ್ಟೇಟಸ್ ತೆರೆಯಿರಿ

ಬೇರೆ ಏನು ಮಾಡುವ ಮೊದಲೂ ಇದನ್ನು ಮಾಡಿ. ಪ್ರೊಫೈಲ್‌ಗೆ ಹೋಗಿ, ಮೇಲಿರುವ ಮೂರು ಗೆರೆ ಒತ್ತಿ, ಕೆಳಗೆ ಇಳಿಯುತ್ತಾ ಹೋದರೆ 'ಅಕೌಂಟ್ ಸ್ಟೇಟಸ್' ಸಿಗುತ್ತದೆ. ಆ್ಯಪ್ ಅಪ್‌ಡೇಟ್ ಆದಂತೆ ಜಾಗ ಬದಲಾಗುತ್ತಿರುತ್ತದೆ. ಕಾಣದಿದ್ದರೆ ಸೆಟ್ಟಿಂಗ್ಸ್‌ನ ಸರ್ಚ್ ಪಟ್ಟಿಯಲ್ಲಿ ಅದೇ ಹೆಸರು ಟೈಪ್ ಮಾಡಿ.

ಒಳಗೆ ಮುಖ್ಯವಾಗಿ ಮೂರು ವಿಷಯ ನೋಡಬೇಕು. ತೆಗೆದು ಹಾಕಿದ ಪೋಸ್ಟ್‌ಗಳು ಇವೆಯೇ? ನಿಮ್ಮ ಪೋಸ್ಟ್‌ಗಳನ್ನು ಫಾಲೋವರ್ಸ್ ಅಲ್ಲದವರಿಗೆ ರೆಕಮೆಂಡ್ ಮಾಡಬಹುದೇ? ಬಳಸಲು ಆಗದ ಫೀಚರ್ ಏನಾದರೂ ಇದೆಯೇ? ಎಲ್ಲದರ ಪಕ್ಕ ಹಸಿರು ಟಿಕ್ ಇದ್ದರೆ ಕಂಪನಿಯ ಲೆಕ್ಕದಲ್ಲಿ ನಿಮ್ಮ ಮೇಲೆ ಅಂಥ ನಿರ್ಬಂಧ ಇಲ್ಲ. ರೆಕಮೆಂಡೇಶನ್ ಸಾಲಿನಲ್ಲಿ ಎಚ್ಚರಿಕೆ ಗುರುತು ಇದ್ದರೆ ಅದನ್ನು ಒತ್ತಿ. ಯಾವ ಪೋಸ್ಟ್‌ನಿಂದ ತೊಂದರೆ ಅಂತ ತೋರಿಸುತ್ತದೆ. ಅಲ್ಲೇ ರಿವ್ಯೂ ಕೇಳುವ ದಾರಿಯೂ ಇರುತ್ತದೆ.

ಕೆಲವರ ಫೋನ್‌ನಲ್ಲಿ ಈ ಎರಡನೇ ಸಾಲು ಕಾಣುವುದೇ ಇಲ್ಲ. ಪ್ರೊಫೆಷನಲ್ ಅಕೌಂಟ್ ಆಗಿಲ್ಲದಿರುವುದು ಇದಕ್ಕೆ ಕಾರಣ ಇರಬಹುದು. 2022ರ ಡಿಸೆಂಬರ್‌ನಲ್ಲಿ ಈ ಮಾಹಿತಿ ಕೊಡಲು ಶುರು ಮಾಡಿದ್ದೇ ಕ್ರಿಯೇಟರ್ ಮತ್ತು ಬಿಸಿನೆಸ್ ಅಕೌಂಟ್‌ಗಳಿಗೆ. ಪೇಜ್ ನಡೆಸುವವರು ಪ್ರೊಫೆಷನಲ್‌ಗೆ ಬದಲಾಯಿಸಿಕೊಳ್ಳುವುದು ಹೇಗೂ ಒಳ್ಳೆಯದು. ಮುಂದಿನ ಹಂತಕ್ಕೆ ಬೇಕಾಗುವ ಇನ್‌ಸೈಟ್ಸ್, ಅಂದರೆ ಯಾರು ಎಷ್ಟು ನೋಡಿದರು ಅನ್ನುವ ಲೆಕ್ಕ, ಸಿಗುವುದು ಅದರಲ್ಲೇ.

ಪೋಸ್ಟ್‌ಗಳಲ್ಲಿ ಏನೂ ತಪ್ಪಿಲ್ಲ ಅನಿಸಿದರೆ ಪ್ರೊಫೈಲ್ ಫೋಟೋ, ಹೆಸರು, ಬಯೋ ಕೂಡ ನೋಡಿ. ಅವೂ ಲೆಕ್ಕಕ್ಕೆ ಬರುತ್ತವೆ.

ಹಂತ 2: ಇನ್‌ಸೈಟ್ಸ್‌ನಲ್ಲಿ ಯಾವ ತೂಬು ಮುಚ್ಚಿದೆ ನೋಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು. ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಕೊನೆಯ ಹದಿನೈದು ರೀಲ್‌ಗಳನ್ನು ಒಂದೊಂದಾಗಿ ತೆರೆದು ಇನ್‌ಸೈಟ್ಸ್ ನೋಡಿ. ಪ್ರತಿಯೊಂದರದ್ದೂ ತಾರೀಕು, ಒಟ್ಟು ವ್ಯೂಸ್, ಅದರಲ್ಲಿ ಫಾಲೋವರ್ಸ್ ಶೇಕಡಾ ಎಷ್ಟು, ನಾನ್‌ಫಾಲೋವರ್ಸ್ ಎಷ್ಟು ಅಂತ ಹಾಳೆಯಲ್ಲಿ ಬರೆದುಕೊಳ್ಳಿ. ಒಟ್ಟು ವ್ಯೂಸ್ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ.

ಒಂದು ಅಡುಗೆ ಪೇಜ್ ಇದೆ ಅಂದುಕೊಳ್ಳಿ. 8,000 ಫಾಲೋವರ್ಸ್. ಜೋಳದ ರೊಟ್ಟಿ ರೀಲ್‌ಗೆ 20,000 ವ್ಯೂಸ್ ಬಂತು, ಅದರಲ್ಲಿ ಶೇ. 80 ನಾನ್‌ಫಾಲೋವರ್ಸ್. ಅಂದರೆ ಫಾಲೋವರ್ಸ್ ಕಡೆಯಿಂದ ಬಂದದ್ದು 4,000. ಮುಂದಿನ ವಾರ ಎಣ್ಣೆಗಾಯಿ ರೀಲ್‌ಗೆ ಒಟ್ಟು 4,100 ಮಾತ್ರ. ಐದರಲ್ಲಿ ಒಂದು ಪಾಲು! ಗಾಬರಿಯಾಗುತ್ತದೆ, ಸಹಜ. ಈಗ ಶೇಕಡಾವಾರು ನೋಡಿ. ನಾನ್‌ಫಾಲೋವರ್ಸ್ ಶೇ. 3 ಇದ್ದರೆ, ಫಾಲೋವರ್ಸ್‌ನಿಂದ ಬಂದದ್ದು ಸುಮಾರು 3,980. ಅಂದರೆ ನಿಮ್ಮವರು ಎಂದಿನಂತೆ ನೋಡಿದ್ದಾರೆ, ಹೊಸಬರಿಗೆ ತೋರಿಸುವುದು ನಿಂತಿದೆ. ಒಂದೇ ರೀಲ್‌ಗೆ ಹೀಗಾದರೆ ಅದು ಆ ರೀಲ್‌ನ ಸಮಸ್ಯೆ. ಒಂದು ತಾರೀಕಿನಿಂದ ಈಚೆಗೆ ಹಾಕಿದ ಎಲ್ಲಕ್ಕೂ ಹೀಗೇ ಆಗಿದ್ದರೆ ರೆಕಮೆಂಡೇಶನ್ ನಿರ್ಬಂಧದ ಅನುಮಾನ ಗಟ್ಟಿ.

ಅದೇ 4,100ರಲ್ಲಿ ನಾನ್‌ಫಾಲೋವರ್ಸ್ ಶೇ. 78 ಇದ್ದರೆ? ಆಗ ಫಾಲೋವರ್ಸ್‌ನಿಂದ ಬಂದದ್ದು ಬರೀ 900. ಎರಡೂ ಕಡೆ ಒಟ್ಟಿಗೆ ಇಳಿದಿದೆ. ಇದು ನಿರ್ಬಂಧದ ಲಕ್ಷಣವೇ ಅಲ್ಲ. ಜನರಿಗೆ ಆ ರೀಲ್ ಹಿಡಿಸಲಿಲ್ಲ, ಅಥವಾ ಅವತ್ತು ಅವರ ಗಮನ ಬೇರೆ ಕಡೆ ಇತ್ತು. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಾಗ ಕನ್ನಡಿಗರ ಫೀಡ್‌ನಲ್ಲಿ ಬೇರೆ ಯಾವುದಕ್ಕೂ ಜಾಗ ಇರಲಿಲ್ಲ, ಅಲ್ವಾ? ಪರೀಕ್ಷೆ ಸಮಯ, ಹಬ್ಬ, ಚುನಾವಣೆ ಫಲಿತಾಂಶ, ಎಲ್ಲಕ್ಕೂ ರೀಚ್ ಏರಿಳಿಯುತ್ತದೆ.

ಇನ್ನೊಂದು ಬಗೆಯೂ ಇದೆ. ನಾನ್‌ಫಾಲೋವರ್ಸ್ ಚೆನ್ನಾಗಿ ಬರುತ್ತಿದ್ದಾರೆ, ಫಾಲೋವರ್ಸ್ ಮಾತ್ರ ನೋಡುತ್ತಿಲ್ಲ. ಯಾವಾಗಲೋ ದುಡ್ಡು ಕೊಟ್ಟು ಫಾಲೋವರ್ಸ್ ತರಿಸಿದ್ದ ಪೇಜ್‌ಗಳಲ್ಲಿ, ಗಿವ್‌ಅವೇ ಆಸೆಗೆ ಬಂದ ಜನರೇ ತುಂಬಿರುವ ಪೇಜ್‌ಗಳಲ್ಲಿ ಹೀಗಾಗುತ್ತದೆ. ಅದಕ್ಕೆ ಅಪೀಲ್ ಮಾಡಿ ಪ್ರಯೋಜನ ಇಲ್ಲ.

ಹಾಡು ಹಾಕಿದ ರೀಲ್ ಆದರೆ ಕಾಪಿರೈಟ್ ವಿಷಯವನ್ನೂ ನೋಡಿ. ಸಂಗೀತದ ಹಕ್ಕು ದೇಶದಿಂದ ದೇಶಕ್ಕೆ ಬೇರೆ. ಬೆಂಗಳೂರಿನಲ್ಲಿ ಚೆನ್ನಾಗಿ ಓಡುವ ರೀಲ್ ಅಮೆರಿಕದಲ್ಲೋ ಗಲ್ಫ್‌ನಲ್ಲೋ ಇರುವ ಕನ್ನಡಿಗರಿಗೆ ಶಬ್ದವಿಲ್ಲದೆ ಕಾಣಬಹುದು, ಕಾಣದೆಯೂ ಇರಬಹುದು. ಹೊರದೇಶದ ಫಾಲೋವರ್ಸ್ ಜಾಸ್ತಿ ಇರುವ ಪೇಜ್‌ಗೆ ಇದೊಂದೇ ಸಾಕು ರೀಚ್ ಕುಸಿಯಲು. ನೋಟಿಫಿಕೇಶನ್ ಪಟ್ಟಿಯಲ್ಲಿ ಹಿಂದಕ್ಕೆ ಹೋಗಿ ಹುಡುಕಿ, ಸೂಚನೆ ಬಂದು ನಿಮ್ಮ ಕಣ್ಣು ತಪ್ಪಿರಬಹುದು.

ಹ್ಯಾಶ್‌ಟ್ಯಾಗ್ ಹುಡುಕಿ "ನನ್ನ ಪೋಸ್ಟ್ ಕಾಣುತ್ತಿಲ್ಲ, ಬ್ಯಾನ್ ಆಗಿದೆ" ಅಂತ ತೀರ್ಮಾನಿಸುವ ಹಳೇ ಪರೀಕ್ಷೆಯನ್ನು ಬಿಟ್ಟುಬಿಡಿ. ಆ ಪುಟ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುತ್ತದೆ. ಯೂಸರ್‌ನೇಮ್ ಹಾಕಿದರೆ ಶ್ಯಾಡೋಬ್ಯಾನ್ ಹೇಳುತ್ತೇವೆ ಅನ್ನುವ ವೆಬ್‌ಸೈಟ್‌ಗಳಿಗೂ ಇನ್‌ಸ್ಟಾಗ್ರಾಮ್ ಒಳಗಿನ ಮಾಹಿತಿ ಸಿಗುವುದಿಲ್ಲ. ಅಲ್ಲಿ ಲಾಗಿನ್ ಕೇಳಿದರೆ ಕೂಡಲೇ ಹೊರಗೆ ಬನ್ನಿ.

ಹಂತ 3: ಎಲ್ಲಿ ಎಡವಟ್ಟಾಗಿದೆ ಹುಡುಕಿ

ನಿರ್ಬಂಧ ಇದೆ ಅಂತ ಖಾತ್ರಿಯಾಯಿತು ಅನ್ನಿ. ಆದರೆ ಅಕೌಂಟ್ ಸ್ಟೇಟಸ್ ಪ್ರತಿ ಸಲವೂ ಬಿಡಿಸಿ ಹೇಳುವುದಿಲ್ಲ. ಆಗ ರೀಚ್ ಬಿದ್ದ ತಾರೀಕಿನ ಹಿಂದಿನ ಎರಡು ಮೂರು ವಾರದ ಪೋಸ್ಟ್‌ಗಳನ್ನು ನೀವೇ ತಿರುವಿ ಹಾಕಬೇಕು. ಕನ್ನಡದ ಪೇಜ್‌ಗಳಲ್ಲಿ ಪದೇಪದೇ ಕಾಣುವ ಕಾರಣಗಳು ಇವು.

ಮೊದಲನೆಯದು ಬೇರೆಯವರ ವಿಡಿಯೋ. ಟ್ರೋಲ್ ಪೇಜ್, ಸಿನಿಮಾ ತುಣುಕಿನ ಪೇಜ್, ಯಕ್ಷಗಾನದ ಹಳೇ ದೃಶ್ಯ ಹಾಕುವ ಪೇಜ್‌ಗಳಿಗೆ ದೊಡ್ಡ ಪೆಟ್ಟು ಇಲ್ಲೇ. 2024ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಮ್ ಒಂದು ಸ್ಪಷ್ಟ ಲೆಕ್ಕ ಪ್ರಕಟಿಸಿತು. ತಾವು ಮಾಡದ, ಏನೂ ಸೇರಿಸದ ಬೇರೆಯವರ ಪೋಸ್ಟನ್ನು 30 ದಿನದಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಸಲ ಹಾಕಿದರೆ ಆ ಅಕೌಂಟನ್ನು ರೆಕಮೆಂಡ್ ಮಾಡುವುದಿಲ್ಲ. ಒಂದೇ ವಿಡಿಯೋದ ಎರಡು ಪ್ರತಿ ಸಿಕ್ಕರೆ ಮೂಲದವರದ್ದನ್ನೇ ತೋರಿಸುತ್ತೇವೆ ಅಂತಲೂ ಹೇಳಿತು. ಕ್ಯಾಪ್ಶನ್‌ನಲ್ಲಿ ಕ್ರೆಡಿಟ್ಸ್ ಕೊಟ್ಟರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ, ಸಾಲದು. ನಿಮ್ಮ ದನಿಯಲ್ಲಿ ವಿವರಣೆ ಸೇರಿಸಿ. ಆ ಭಾಗವತರು ಯಾರು, ಪ್ರಸಂಗ ಯಾವುದು, ಆ ಪದ್ಯ ಎಲ್ಲಿ ಬರುತ್ತದೆ ಅಂತ ಹೇಳಿ. ಆಗ ಅದು ನಿಮ್ಮ ಕೆಲಸವೂ ಆಗುತ್ತದೆ, ನೋಡುವವರಿಗೂ ಏನೋ ಸಿಗುತ್ತದೆ. ಮೂಲದವರ ಒಪ್ಪಿಗೆ ಕೇಳುವುದಂತೂ ಬೇಕೇ ಬೇಕು.

ಬೇರೆ ಆ್ಯಪ್‌ನ ವಾಟರ್‌ಮಾರ್ಕ್ ಇರುವ ವಿಡಿಯೋ ಕೂಡ ಇದೇ ಸಾಲಿಗೆ ಸೇರುತ್ತದೆ. ಅಂಥ ರೀಲ್‌ಗಳನ್ನು ಕಡಿಮೆ ತೋರಿಸುತ್ತೇವೆ ಅಂತ 2021ರ ಫೆಬ್ರವರಿಯಲ್ಲೇ ಹೇಳಿದ್ದಾರೆ. ಎಡಿಟ್ ಮಾಡಿದ ಮೂಲ ಫೈಲ್ ಇಟ್ಟುಕೊಂಡು ಪ್ರತಿ ಆ್ಯಪ್‌ಗೂ ಅದರಿಂದಲೇ ಹಾಕಿ.

ಎರಡನೆಯದು ಮನೆಮದ್ದು. ಕೊತ್ತಂಬರಿ ಕಷಾಯ ಮಾಡುವುದು ತೋರಿಸಿದರೆ ಏನೂ ಆಗುವುದಿಲ್ಲ. "ಇದನ್ನು ಏಳು ದಿನ ಕುಡಿದರೆ ಶುಗರ್ ಬುಡಸಮೇತ ಮಾಯ" ಅಂತ ವಿಡಿಯೋ ಮೇಲೆ ಬರೆದರೆ ಅದು ರೆಕಮೆಂಡೇಶನ್ ನಿಯಮದಲ್ಲಿ ಹೆಸರಿಸಿಯೇ ಹೇಳಿರುವ ಅತಿರೇಕದ ಆರೋಗ್ಯ ಭರವಸೆ. ತೂಕ ಇಳಿಸುವ ಪುಡಿ ಮಾರುವುದೂ ಅದೇ ಗುಂಪಿಗೆ ಬರುತ್ತದೆ. ಈ ವಿಷಯದಲ್ಲಿ ನಿಯಮ ಸರಿಯಾಗಿಯೇ ಇದೆ ಅಂತ ನನಗೆ ಅನಿಸುತ್ತದೆ. ರೀಲ್ ನಂಬಿ ಮಾತ್ರೆ ಬಿಟ್ಟವರ ಗತಿ ಏನು?

ಮೂರನೆಯದು ಲೈಕ್, ಶೇರ್ ಬೇಡುವುದು. "ನಿಜವಾದ ಕನ್ನಡಿಗರಾದರೆ ಶೇರ್ ಮಾಡಿ", "ಅಮ್ಮನನ್ನು ಪ್ರೀತಿಸುವವರು ಲೈಕ್ ಒತ್ತಿ", "ಮೂರು ಜನರನ್ನು ಟ್ಯಾಗ್ ಮಾಡಿ, ಫೋನ್ ಗೆಲ್ಲಿ". ಫೇಸ್‌ಬುಕ್ ಇಂಥವನ್ನು 2017ರ ಡಿಸೆಂಬರ್‌ನಿಂದಲೇ ಕೆಳಗೆ ತಳ್ಳುತ್ತಿದೆ. ರೆಕಮೆಂಡೇಶನ್ ನಿಯಮದಲ್ಲೂ ಇದೂ ಇದೆ, ಗಿವ್‌ಅವೇ ಕೂಡ ಇದೆ. ಹಾಗಂತ ಪ್ರಶ್ನೆ ಕೇಳಬಾರದು ಅಂತಲ್ಲ. "ನಿಮ್ಮೂರಲ್ಲಿ ಇದಕ್ಕೆ ಏನಂತಾರೆ?" ಅಂತ ಕೇಳಿದರೆ ಅದು ಮಾತುಕತೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮದ್ಯ, ತಂಬಾಕು ಮಾರಾಟ ಅಥವಾ ಪ್ರಚಾರ. ಕೊಡಗಿನ ಹೋಮ್‌ಮೇಡ್ ವೈನ್ ತೋರಿಸುವವರು ಇದನ್ನು ನೆನಪಿಡಿ. ಬೆಟ್ಟಿಂಗ್ ಆ್ಯಪ್ ಪ್ರಚಾರ. "ರಿಸ್ಕ್ ಇಲ್ಲದೆ ದುಡ್ಡು ಡಬಲ್" ಮಾದರಿಯ ಹೂಡಿಕೆ. ಹೊಡೆದಾಟದ ದೃಶ್ಯ. ಮೈ ಕಾಣುವ ಬಟ್ಟೆಯ ಪ್ರಚೋದಕ ಭಂಗಿ. ಆತ್ಮಹತ್ಯೆಯ ವಿಷಯ.

ಕೊನೆಯದರ ಬಗ್ಗೆ ಒಂದು ಮಾತು. ಸುದ್ದಿ ಪೇಜ್‌ಗಳಲ್ಲಿ 'ಆತ್ಮಹ*ತ್ಯೆ', 'ಕೊ*ಲೆ' ಅಂತ ನಕ್ಷತ್ರ ಹಾಕಿ ಬರೆಯುವುದನ್ನು ನೀವು ನೋಡಿರುತ್ತೀರಿ. ಅದರಿಂದ ತಪ್ಪಿಸಿಕೊಳ್ಳಬಹುದು ಅಂತ ನಂಬಿಕೆ. ಈ ವ್ಯವಸ್ಥೆಗಳು ನೋಡುವುದು ಅಕ್ಷರ ಒಂದನ್ನೇ ಅಲ್ಲ, ದೃಶ್ಯವನ್ನೂ ಆಡಿಯೋವನ್ನೂ ನೋಡುತ್ತವೆ. ನಕ್ಷತ್ರದಿಂದ ಆಗುವ ಖಚಿತ ನಷ್ಟ ಅಂದರೆ ಆ ಪದ ಸರ್ಚ್‌ನಲ್ಲಿ ಸಿಗುವುದಿಲ್ಲ, ಓದುವವರಿಗೂ ತೊಡಕು. ಸಂಯಮದಿಂದ ಬರೆಯಿರಿ, ವಿವರ ಬಿಡಿ, ಪದವನ್ನು ಪೂರ್ತಿ ಬರೆಯಿರಿ.

ಪೋಸ್ಟ್‌ಗೆ ಸಂಬಂಧವಿಲ್ಲದ ಕಾರಣವೂ ಒಂದಿದೆ: ಆಟೋ ಲೈಕ್, ಆಟೋ ಫಾಲೋ ಆ್ಯಪ್‌ಗಳು. ಇಂಥ ಆ್ಯಪ್‌ನಿಂದ ಬಂದ ಲೈಕ್, ಫಾಲೋಗಳನ್ನು ತೆಗೆದು ಹಾಕುವುದಾಗಿ ಇನ್‌ಸ್ಟಾಗ್ರಾಮ್ 2018ರ ನವೆಂಬರ್‌ನಲ್ಲೇ ಘೋಷಿಸಿತ್ತು. ಯಾವತ್ತೋ ಕೊಟ್ಟು ಮರೆತ ಅನುಮತಿ ಈಗಲೂ ಇರಬಹುದು.

ಹಂತ 4: ಸರಿಪಡಿಸಿ, ಆದರೆ ಈ ಕ್ರಮದಲ್ಲಿ

ಮೊದಲು ಸ್ಕ್ರೀನ್‌ಶಾಟ್. ಅಕೌಂಟ್ ಸ್ಟೇಟಸ್, ಎಚ್ಚರಿಕೆ ಬಂದ ಪೋಸ್ಟ್, ಇನ್‌ಸೈಟ್ಸ್ ಮೂರನ್ನೂ ತಾರೀಕು ಕಾಣುವಂತೆ ತೆಗೆದಿಡಿ.

ಆಮೇಲೆ ಎಚ್ಚರಿಕೆ ಬಂದ ಪೋಸ್ಟನ್ನು ತಣ್ಣಗೆ ಕೂತು ನೋಡಿ. ನಿಯಮ ಮೀರಿದ್ದು ನಿಜ ಅನಿಸಿದರೆ ಡಿಲೀಟ್ ಮಾಡಿ. ಕ್ಯಾಪ್ಶನ್‌ನಲ್ಲಷ್ಟೇ ತೊಂದರೆ ಇದ್ದರೆ ತಿದ್ದಿ. ವ್ಯವಸ್ಥೆಯೇ ತಪ್ಪು ತಿಳಿದಿದೆ ಅನಿಸಿದರೆ ಡಿಲೀಟ್ ಮಾಡಬೇಡಿ, ಮೊದಲು ರಿವ್ಯೂ ಕೇಳಿ. ಮಗುವಿಗೆ ಎಣ್ಣೆಸ್ನಾನ ಮಾಡಿಸುವುದೋ ಕುಸ್ತಿ ಅಖಾಡದ ಪಟ್ಟೋ ತಪ್ಪಾಗಿ ಗುರುತಾಗುವ ಸಾಧ್ಯತೆ ಇದ್ದೇ ಇದೆ. ಡಿಲೀಟ್ ಮಾಡಿದ ಮೇಲೆ ವಾದ ಮಾಡಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ಸ್ ಅಂಡ್ ವೆಬ್‌ಸೈಟ್ಸ್' ತೆರೆದು ಗುರುತಿಲ್ಲದವನ್ನೆಲ್ಲ ತೆಗೆಯಿರಿ. ಪಾಸ್‌ವರ್ಡ್ ಬದಲಿಸಿ. ಪಾಸ್‌ವರ್ಡ್ ಜೊತೆ ಕೋಡ್ ಕೂಡ ಕೇಳುವ ಟೂ ಫ್ಯಾಕ್ಟರ್ ಹಾಕಿ. ಪಾಸ್‌ವರ್ಡ್ ಬದಲಿಸದೆ ಅನುಮತಿ ಮಾತ್ರ ತೆಗೆದರೆ ಸಾಲದು. ಆಟೋ ಲೈಕ್ ಸೇವೆಗೆ ಕೊಟ್ಟ ಪಾಸ್‌ವರ್ಡ್ ಅವರ ಹತ್ತಿರ ಇದ್ದೇ ಇರುತ್ತದೆ.

ಬೇರೆಯವರ ವಿಡಿಯೋ ಹಾಕಿ ಸಿಕ್ಕಿಬಿದ್ದವರಿಗೆ ದಾರಿ ಸರಳ. ಅದನ್ನು ನಿಲ್ಲಿಸಿ ಸ್ವಂತದ್ದು ಹಾಕುತ್ತಾ ಹೋಗಿ. ಲೆಕ್ಕ ಇರುವುದು 30 ದಿನದ ಅವಧಿಗೆ. ಕಮ್ಯುನಿಟಿ ಗೈಡ್‌ಲೈನ್ಸ್ ಮೀರಿ ಬಿದ್ದ ಸ್ಟ್ರೈಕ್ (ತಪ್ಪಿನ ಗುರುತು) ಆದರೆ ಒಂದು ವರ್ಷ ದಾಖಲೆಯಲ್ಲಿ ಉಳಿಯುತ್ತದೆ.

ಹಂತ 5: ಈ ಹೊತ್ತಿನಲ್ಲಿ ಮಾಡಬಾರದ್ದು

"48 ಗಂಟೆ ಇನ್‌ಸ್ಟಾಗ್ರಾಮ್ ಮುಟ್ಟಬೇಡಿ, ತಾನಾಗಿ ಸರಿಹೋಗುತ್ತದೆ" ಅನ್ನುವ ಸಲಹೆ ಎಲ್ಲ ಕಡೆ ಓಡಾಡುತ್ತದೆ. ಕಂಪನಿ ಪ್ರಕಟಿಸಿದ ಯಾವ ನಿಯಮವೂ ಹೀಗೆ ಹೇಳುವುದಿಲ್ಲ. ರಜೆ ಬೇಕಿದ್ದರೆ ಖಂಡಿತ ತೆಗೆದುಕೊಳ್ಳಿ, ಪರಿಹಾರ ಅಂತ ಮಾತ್ರ ನಂಬಬೇಡಿ. ಪರಸ್ಪರ ಲೈಕ್ ಕೊಡುವ ವಾಟ್ಸ್‌ಆ್ಯಪ್ ಗ್ರೂಪ್ ಸೇರುವುದೂ ಬೇಡ. ನಿಮ್ಮ ವಿಷಯದಲ್ಲಿ ಆಸಕ್ತಿಯೇ ಇಲ್ಲದ ನಲವತ್ತು ಜನ ಎರಡು ಸೆಕೆಂಡ್ ನೋಡಿ ಲೈಕ್ ಒತ್ತಿ ಹೋದರೆ, ಈ ರೀಲ್ ಯಾರೂ ಪೂರ್ತಿ ನೋಡುವುದಿಲ್ಲ ಅನ್ನುವ ಸೂಚನೆಯನ್ನೇ ನೀವು ಕೈಯಾರೆ ಕೊಟ್ಟಂತೆ.

ಎಲ್ಲಕ್ಕಿಂತ ದೊಡ್ಡ ಅಪಾಯ 'ಅನ್‌ಬ್ಯಾನ್ ಸರ್ವಿಸ್'. ನೀವು "ರೀಚ್ ಬಿದ್ದಿದೆ" ಅಂತ ಎಲ್ಲಾದರೂ ಕಾಮೆಂಟ್ ಹಾಕಿದರೆ ಸಾಕು, "ನನಗೂ ಹೀಗೇ ಆಗಿತ್ತು, ಇವರು ಸರಿ ಮಾಡಿಕೊಟ್ಟರು" ಅಂತ ಒಂದು ಯೂಸರ್‌ನೇಮ್ ಬಂದು ಬೀಳುತ್ತದೆ. ಆ ಕಡೆಯವರು ಮೊದಲು ಸ್ವಲ್ಪ ದುಡ್ಡು, ಆಮೇಲೆ ಓಟಿಪಿ ಕೇಳುತ್ತಾರೆ. ಓಟಿಪಿ ಕೊಟ್ಟ ಕ್ಷಣ ಪೇಜ್ ಅವರದ್ದು. ಹೊರಗಿನ ಯಾರಿಗೂ ರೆಕಮೆಂಡೇಶನ್ ನಿರ್ಬಂಧ ತೆಗೆಯುವ ಅಧಿಕಾರ ಇಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ದಾಖಲಿಸಿ.

ಹಂತ 6: ಆ್ಯಪ್‌ನ ರಿವ್ಯೂ ಕೆಲಸ ಮಾಡದಿದ್ದರೆ

ಭಾರತದ 2021ರ ಐಟಿ ನಿಯಮಗಳ ಪ್ರಕಾರ ಸೋಷಿಯಲ್ ಮೀಡಿಯಾ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಲೇಬೇಕು. ಹೆಲ್ಪ್ ಸೆಂಟರ್‌ನಲ್ಲಿ 'ಇಂಡಿಯಾ ಗ್ರೀವೆನ್ಸ್ ಆಫೀಸರ್' ಅಂತ ಹುಡುಕಿದರೆ ವಿಳಾಸ, ಫಾರ್ಮ್ ಸಿಗುತ್ತದೆ. ದೂರು ತಲುಪಿದ್ದನ್ನು ಅವರು 24 ಗಂಟೆಯೊಳಗೆ ಖಚಿತಪಡಿಸಬೇಕು. ನಿಯಮ ಬಂದಾಗ ವಿಲೇವಾರಿಗೆ ಇಟ್ಟಿದ್ದ ಗಡುವು 15 ದಿನ. ದೂರು ಚಿಕ್ಕದಾಗಿರಲಿ, ಸಿಟ್ಟು ಬೇಡ. ಈ ಮಾದರಿ ಸಾಕು:

"ನನ್ನ ಖಾತೆಯನ್ನು (ಯೂಸರ್‌ನೇಮ್) ಇಂಥ ದಿನಾಂಕದಿಂದ ರೆಕಮೆಂಡ್ ಮಾಡಲಾಗುವುದಿಲ್ಲ ಎಂದು ಅಕೌಂಟ್ ಸ್ಟೇಟಸ್‌ನಲ್ಲಿ ತೋರಿಸುತ್ತಿದೆ. ಕಾರಣವಾಗಿ ತೋರಿಸಿರುವ ಪೋಸ್ಟ್ ಇದು (ಲಿಂಕ್). ಇದು ಊರಿನ ಕುಸ್ತಿ ಪಂದ್ಯದ ನಾನೇ ತೆಗೆದ ವಿಡಿಯೋ. ಇದು ಕ್ರೀಡೆ, ಇದರಲ್ಲಿ ಹಿಂಸೆ ಇಲ್ಲ. ಇಂಥ ದಿನ ಆ್ಯಪ್‌ನಲ್ಲಿ ರಿವ್ಯೂ ಕೇಳಿದ್ದೇನೆ. ದಯವಿಟ್ಟು ಮರುಪರಿಶೀಲಿಸಿ, ನಿರ್ಬಂಧ ಮುಂದುವರಿಸುವುದಾದರೆ ಯಾವ ನಿಯಮದ ಅಡಿ ಎಂದು ತಿಳಿಸಿ. ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದ್ದೇನೆ."

ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಗ್ರೀವೆನ್ಸ್ ಅಪೆಲೇಟ್ ಕಮಿಟಿಗೆ (ಜಿಎಸಿ, ಅಂದರೆ ಮೇಲ್ಮನವಿ ಸಮಿತಿ) ಹೋಗಬಹುದು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಇಂಥ ಮೂರು ಸಮಿತಿಗಳನ್ನು ರಚಿಸಿತು. ಜಿಎಸಿ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ಎಲ್ಲವೂ ಆನ್‌ಲೈನ್. ಆದರೆ ನಮ್ಮ ನಿಯಮಗಳು ಮಾತಾಡುವುದು ಹೆಚ್ಚಾಗಿ ಪೋಸ್ಟ್ ತೆಗೆದು ಹಾಕುವುದರ ಬಗ್ಗೆ. ರೀಚ್ ಇಳಿಸುವುದರ ಬಗ್ಗೆ ಯುರೋಪಿನಲ್ಲಿ ಇರುವಷ್ಟು ಸ್ಪಷ್ಟತೆ ಇಲ್ಲಿಲ್ಲ. ಅದು ಬರಲೇಬೇಕು.

ಯುರೋಪ್‌ನ ಡಿಜಿಟಲ್ ಸರ್ವಿಸಸ್ ಆ್ಯಕ್ಟ್ ಪ್ರಕಾರ ಪೋಸ್ಟನ್ನು ಕೆಳಗೆ ತಳ್ಳಿದರೂ ಕಾರಣ ಕೊಡಬೇಕು. ನೆದರ್‌ಲ್ಯಾಂಡ್ಸ್‌ನ ಡ್ಯಾನಿ ಮೆಕಿಚ್ ತಮ್ಮ ಎಕ್ಸ್ ಖಾತೆಗೆ ಹೀಗಾದಾಗ ಕೋರ್ಟ್‌ಗೆ ಹೋದರು. ಆಮ್‌ಸ್ಟರ್‌ಡ್ಯಾಮ್ ಜಿಲ್ಲಾ ನ್ಯಾಯಾಲಯ 2024ರ ಜುಲೈನಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು. ಅವರು ಎಕ್ಸ್‌ಗೆ ದುಡ್ಡು ಕಟ್ಟಿದ ಚಂದಾದಾರರಾಗಿದ್ದರು, ಹೀಗಾಗಿ ಒಪ್ಪಂದ ಮುರಿದ ವಿಷಯವೂ ಅದರಲ್ಲಿ ಬಂತು. ಜರ್ಮನಿ, ನೆದರ್‌ಲ್ಯಾಂಡ್ಸ್, ಐರ್ಲೆಂಡ್ ಮುಂತಾದ ಯುರೋಪಿಯನ್ ಯೂನಿಯನ್ ದೇಶಗಳಲ್ಲಿ ಇರುವ ಕನ್ನಡಿಗರು ಈ ಹಕ್ಕನ್ನು ಬಳಸಿಕೊಳ್ಳಬಹುದು.

ಬೇರೆ ಆ್ಯಪ್‌ಗಳಲ್ಲಿ

ಫೇಸ್‌ಬುಕ್ ಪೇಜ್‌ಗೆ ಪ್ರೊಫೆಷನಲ್ ಡ್ಯಾಶ್‌ಬೋರ್ಡ್‌ನಲ್ಲಿ ಪೇಜ್ ಸ್ಟೇಟಸ್ ಇದೆ. ಯಾವ್ಯಾವ ಪೋಸ್ಟನ್ನು ಕೆಳಗೆ ತಳ್ಳುತ್ತೇವೆ ಅನ್ನುವ ಪಟ್ಟಿಯನ್ನು ಮೆಟಾ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದೆ. ಕ್ಲಿಕ್‌ಬೈಟ್ ಲಿಂಕ್, ಫ್ಯಾಕ್ಟ್‌ಚೆಕ್‌ನಲ್ಲಿ ಸುಳ್ಳು ಅಂತ ಗುರುತಾದ ಪೋಸ್ಟ್, ಗ್ರೂಪ್‌ಗಳಿಗೆ ಮಿತಿಮೀರಿ ಹಂಚುವವರ ಪೋಸ್ಟ್ ಎಲ್ಲವೂ ಅದರಲ್ಲಿವೆ. ಒಂದೇ ಲಿಂಕನ್ನು ಊರಿನ, ಜಾತಿಯ, ತಾಲ್ಲೂಕಿನ ಎಲ್ಲ ಗ್ರೂಪ್‌ಗಳಿಗೂ ಒಂದೇ ಗಂಟೆಯಲ್ಲಿ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಇನ್ನೊಂದು ವಿಷಯ, ನಿಮ್ಮ ಕಾಮೆಂಟನ್ನು ಪೇಜ್‌ನವರು 'ಹೈಡ್' ಮಾಡಿದರೆ ಅದು ನಿಮಗೂ ನಿಮ್ಮ ಫ್ರೆಂಡ್ಸ್‌ಗೂ ಮಾತ್ರ ಕಾಣುತ್ತದೆ. ಅದು ಆ ಪೇಜ್‌ನವರ ತೀರ್ಮಾನ. ಫೇಸ್‌ಬುಕ್ ಕಂಪನಿ ನಿಮ್ಮ ಮೇಲೆ ಹಾಕಿದ ನಿರ್ಬಂಧ ಅಂತ ತಿಳಿಯಬೇಡಿ.

ಎಕ್ಸ್‌ನಲ್ಲಿ ನಿಮ್ಮನ್ನು ಫಾಲೋ ಮಾಡದ ಗೆಳೆಯರೊಬ್ಬರ ಫೋನ್ ಬೇಕು. ನಿಮ್ಮ ಯೂಸರ್‌ನೇಮ್ ಅರ್ಧ ಟೈಪ್ ಮಾಡಿದಾಗ ಸಲಹೆಯಲ್ಲಿ ಬರುತ್ತದೆಯೇ? ನಿಮ್ಮ ಇವತ್ತಿನ ಪೋಸ್ಟ್‌ನ ಒಂದು ಸಾಲು ಹುಡುಕಿದರೆ 'ಲೇಟೆಸ್ಟ್' ಪಟ್ಟಿಯಲ್ಲಿ ಸಿಗುತ್ತದೆಯೇ? ಬೇರೆಯವರ ಪೋಸ್ಟ್‌ಗೆ ನೀವು ಕೊಟ್ಟ ಉತ್ತರ ನೇರವಾಗಿ ಕಾಣುತ್ತದೆಯೇ, ಅಥವಾ ಕೆಳಗೆ ಸ್ಪ್ಯಾಮ್ ಇರಬಹುದು ಅನ್ನುವ ಬಟನ್ ಒತ್ತಿದ ಮೇಲೆ ಬರುತ್ತದೆಯೇ? ಮೂರೂ ಬೇರೆಬೇರೆ ಬಗೆಯ ತಡೆ. 2023ರ ಏಪ್ರಿಲ್‌ನಿಂದ, ದ್ವೇಷದ ಮಾತು ಅಂತ ಅನಿಸಿದ ಪೋಸ್ಟ್ ಮೇಲೆ 'ವಿಸಿಬಿಲಿಟಿ ಲಿಮಿಟೆಡ್' ಅನ್ನುವ ಲೇಬಲ್ ಹಾಕುವ ಪದ್ಧತಿ ಬಂದಿದೆ. ಅದು ಕಂಡರೆ ಅಲ್ಲಿಂದಲೇ ಆಕ್ಷೇಪ ಸಲ್ಲಿಸಿ.

ಯೂಟ್ಯೂಬ್‌ನಲ್ಲಿ ಹಳದಿ ಡಾಲರ್ ಗುರುತು ಕಂಡು ರೀಚ್ ಕಟ್ ಆಗಿದೆ ಅಂದುಕೊಳ್ಳುವವರು ಬಹಳ. ಆ ಗುರುತು ಜಾಹೀರಾತಿಗೆ ಸಂಬಂಧಿಸಿದ್ದು. ನೀವು ನೋಡಬೇಕಾದದ್ದು 'ಏಜ್ ರಿಸ್ಟ್ರಿಕ್ಷನ್' ಬಿದ್ದಿದೆಯೇ, ಕೈತಪ್ಪಿ 'ಮೇಡ್ ಫಾರ್ ಕಿಡ್ಸ್' ಒತ್ತಿದ್ದೀರಾ ಅನ್ನುವುದನ್ನು. ಎರಡನೆಯದು ಆನ್ ಆಗಿದ್ದರೆ ಕಾಮೆಂಟ್ ಬಂದ್ ಆಗುತ್ತದೆ, ಬೆಲ್ ನೋಟಿಫಿಕೇಶನ್ ಹೋಗುವುದಿಲ್ಲ. ಶಾರ್ಟ್ಸ್‌ನ ಹಳೇ, ಹೊಸ ವ್ಯೂಸ್ ಹೋಲಿಸುವಾಗ 2025ರ ಮಾರ್ಚ್ 31ರಿಂದ ಎಣಿಸುವ ಕ್ರಮವೇ ಬದಲಾಗಿದೆ ಅನ್ನುವುದು ನೆನಪಿರಲಿ.

ಮುಂದೆ ಹೀಗಾಗದಂತೆ

ತಿಂಗಳಿಗೊಮ್ಮೆ ಅಕೌಂಟ್ ಸ್ಟೇಟಸ್ ತೆರೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಿರ್ಬಂಧ ಯಾವಾಗ ಶುರುವಾಯಿತು ಅಂತ ತೋರಿಸಲು ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಹೊಸ ಬಗೆಯ ವಿಡಿಯೋ ಹಾಕುವ ಅನುಮಾನ ಇದ್ದರೆ 'ಟ್ರಯಲ್ ರೀಲ್ಸ್' ಬಳಸಿ. 2024ರ ಡಿಸೆಂಬರ್‌ನಲ್ಲಿ ಬಂದ ಈ ಫೀಚರ್ ರೀಲನ್ನು ಮೊದಲು ಫಾಲೋವರ್ಸ್ ಅಲ್ಲದವರಿಗೇ ತೋರಿಸುತ್ತದೆ. ನಿಮಗೆ ಇದು ಇನ್ನೊಂದು ಪರೀಕ್ಷೆಯೂ ಹೌದು. ಅದಕ್ಕೆ ಬರಬೇಕಾದಷ್ಟು ವ್ಯೂಸ್ ಬಂದರೆ ಎರಡನೇ ತೂಬು ತೆರೆದಿದೆ ಅಂತ ಅರ್ಥ. ಕ್ಯಾಪ್ಶನ್‌ನಲ್ಲಿ ವಿಷಯದ ಹೆಸರನ್ನು ಕನ್ನಡ ಲಿಪಿಯಲ್ಲೂ, ಜನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವ ಹಾಗೂ ಬರೆಯಿರಿ. ಹುಡುಕಿಕೊಂಡು ಬರುವವರಿಗೆ ಎರಡೂ ಬೇಕು.

ಪೇಜ್‌ನಿಂದಲೇ ಹೊಟ್ಟೆ ಹೊರೆಯುವವರಿಗೆ ಒಂದು ಕೆಲಸ ಇನ್ನೂ ಇದೆ. ಆರ್ಡರ್ ಕೊಟ್ಟ ಗ್ರಾಹಕರನ್ನು ಕೇಳಿ, ಒಪ್ಪಿದವರ ಫೋನ್ ನಂಬರ್ ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ವಾಟ್ಸ್‌ಆ್ಯಪ್ ಚಾನೆಲ್ ತೆರೆದು ಲಿಂಕನ್ನು ಬಯೋದಲ್ಲಿ ಹಾಕಿ. ವಿಡಿಯೋಗಳ ಮೂಲ ಫೈಲ್‌ಗಳನ್ನು ಹಾರ್ಡ್‌ಡಿಸ್ಕ್‌ಗೆ ಹಾಕಿಡಿ. ಅಕೌಂಟ್ಸ್ ಸೆಂಟರ್‌ನಲ್ಲಿ ನಿಮ್ಮ ಮಾಹಿತಿಯ ಪ್ರತಿ ಡೌನ್‌ಲೋಡ್ ಮಾಡಿಕೊಳ್ಳುವ ಆಯ್ಕೆ ಇದೆ, ಅದನ್ನು ಇವತ್ತೇ ಒಮ್ಮೆ ಬಳಸಿ.